ಮುಟ್ಟಿನ ಹಿಂದಿನ ವಾರ ಎದೆ ಯಾಕೆ ಡವಡವ?

ಮೇ ತಿಂಗಳ ಉಡುಪಿಯ ಸೆಕೆ ಗೊತ್ತಲ್ವಾ? ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಬೆನ್ನೆಲ್ಲ ಒದ್ದೆ. ಆದರೆ ತಿಂಗಳಲ್ಲಿ ಒಂದು ವಾರ ನನಗೆ ಆ ಸೆಕೆ ಮೈಯ ಒಳಗಿಂದಲೇ ಬರುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ರಾತ್ರಿ ಫ್ಯಾನ್ ಕೆಳಗೂ ನಿದ್ದೆ ಇಲ್ಲ. ಮುಟ್ಟು ಶುರುವಾಗಿ ಎರಡು ದಿನಕ್ಕೆ ಎಲ್ಲ ಸರಿ. ವೈದ್ಯರೊಬ್ಬರ ಹತ್ತಿರ ಹೇಳಿದಾಗ ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿಬಿಟ್ಟರು. ಅದು ಇವತ್ತಿಗೂ ನೋಯುತ್ತದೆ.

ತುಳುನಾಡಿನ ಕೆಡ್ಡಸ ಹಬ್ಬದಲ್ಲಿ ಭೂಮಿತಾಯಿ ಮುಟ್ಟಾದಳೆಂದು ಮೂರು ದಿನ ನೆಲ ಅಗೆಯದ ನಾಡು ನಮ್ಮದು. ಇಲ್ಲೂ ಮುಟ್ಟಿನ ಹಿಂದಿನ ವಾರದ ಬಗ್ಗೆ ಹೆಂಗಸರು ಬಾಯಿ ಬಿಡುವುದು ಕಡಿಮೆ.

ಈಗ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನಕ್ಕೆ ಉಸಿರು ಎಳೆದುಕೊಳ್ಳಿ. ಬಡಿತ ತುಸು ಚುರುಕಾಗುತ್ತದೆ. ಉಸಿರು ಬಿಡಿ, ನಿಧಾನವಾಗುತ್ತದೆ. ಇದು ವೇಗಸ್ ನರದ ಕೆಲಸ. ಮೆದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ನರ ಅದು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ ಅದನ್ನು 70ರ ಆಸುಪಾಸಿಗೆ ಇಳಿಸುವುದು ವೇಗಸ್. ಮಣಿಪಾಲದಿಂದ ಉಡುಪಿಗೆ ಇಳಿಯುವ ಬಸ್ಸಿನ ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟೇ ಇರುತ್ತಾರಲ್ಲ, ಹಾಗೆ.

ಈ ಬ್ರೇಕಿನ ಬಿಗಿ ತಿಂಗಳಿಡೀ ಒಂದೇ ಥರ ಇರುವುದಿಲ್ಲ. ಮುಟ್ಟಿನ ಚಕ್ರದ ಮೊದಲ ಅರ್ಧದಲ್ಲಿ ಸಾಮಾನ್ಯವಾಗಿ ಹಿಡಿತ ಗಟ್ಟಿ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರುತ್ತದೆ, ಆಗ ಹಿಡಿತ ಸ್ವಲ್ಪ ಸಡಿಲ. ನಾಡಿ ನಿಮಿಷಕ್ಕೆ ಎರಡು ಮೂರು ಬಡಿತ ಜಾಸ್ತಿಯಾಗುತ್ತದೆ. ಉಸಿರಿನ ಜೊತೆ ನಾಡಿ ಏರಿಳಿಯಿತಲ್ಲ, ಆ ಏರಿಳಿತವೂ ತಗ್ಗುತ್ತದೆ. ಸ್ಮಾರ್ಟ್ ವಾಚಿನಲ್ಲಿ ‘ಎಚ್‌ಆರ್‌ವಿ’ ಎಂದು ಕಾಣುವುದು ಇಂಥ ಏರಿಳಿತದ ಅಳತೆಯೇ.

ಸೆಕೆಯ ಗುಟ್ಟೂ ಇಲ್ಲೇ ಇದೆ. ಮೆದುಳಿನ ಹೈಪೊಥಲಾಮಸ್ ಮೈಯ ಬಿಸಿಯನ್ನು ಒಂದು ಮಟ್ಟದಲ್ಲಿ ಕಾಯುತ್ತದೆ. ಪ್ರೊಜೆಸ್ಟರಾನ್ ಆ ಮಟ್ಟವನ್ನೇ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಮೇಲಕ್ಕೆತ್ತುತ್ತದೆ. ಮೈ ಅಷ್ಟು ಬಿಸಿಯಾದ ಮೇಲೇ ಬೆವರು ಶುರು. ಅರ್ಧ ಡಿಗ್ರಿ ಏನು ಮಹಾ ಅನ್ನಿಸಬಹುದು. ಆದರೆ ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಬಂದ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದು ಹೇಗೆ?

ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ, ಕೆಲವರಿಗೆ ನಿಂತಲ್ಲೇ ತಲೆ ತಿರುಗುತ್ತದೆ. ಎದೆ ಡವಡವ ತಿಂಗಳಿಡೀ ಇದ್ದರೆ, ರಕ್ತಸ್ರಾವ ಜಾಸ್ತಿ ಇದ್ದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಹಾರ್ಮೋನ್ ಮೇಲೆ ಹಾಕಿ ಕೂರಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ನೋಡಿಸಲೇಬೇಕು.

ನಾನೀಗ ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತೇನೆ. 68, 67, 68. ತಿಂಗಳ ನಡುವೆ ದಾಟಿದ ಮೇಲೆ 70, 71. ಮುಟ್ಟಿನ ಮೂರನೇ ದಿನ ಮತ್ತೆ 68. ಹೋದ ಸಲ ಬೇರೆ ವೈದ್ಯರ ಹತ್ತಿರ ಹೋದಾಗ ಆ ಹಾಳೆಗಳನ್ನೇ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಚೌಕ ಓದಿದರು.