ಡಿಎಸ್‌ಡಿ: ಧ್ವನಿ ಪಾಠದಲ್ಲೊಂದು, ಸರಕಿನ ಪಾಠದಲ್ಲಿನ್ನೊಂದು

ಮುಂಬೈ, ಪುಣೆಗಳಲ್ಲಿ ಓದುತ್ತಿರುವ ನಮ್ಮವರಲ್ಲಿ ಸೌಂಡ್ ಎಂಜಿನಿಯರಿಂಗ್ ಕಲಿಯುವವರೂ ಇದ್ದಾರೆ, ರಿಟೇಲ್ ಸಪ್ಲೈ ಚೈನ್ ಕಲಿಯುವವರೂ ಇದ್ದಾರೆ. ಡಿಎಸ್‌ಡಿ ಇಬ್ಬರ ಪಠ್ಯದಲ್ಲೂ ಬರುತ್ತದೆ. ಒಬ್ಬರಿಗೆ ಅದು ಡೈರೆಕ್ಟ್ ಸ್ಟ್ರೀಮ್ ಡಿಜಿಟಲ್, ಇನ್ನೊಬ್ಬರಿಗೆ ಡೈರೆಕ್ಟ್ ಸ್ಟೋರ್ ಡೆಲಿವರಿ. ವಿಷಯಗಳು ಬೇರೆ ಬೇರೆ, ಆದರೆ ಎರಡರಲ್ಲೂ ನಡುವಿನ ಒಂದು ಹಂತವನ್ನು ಕೈಬಿಡುತ್ತಾರೆ. ಆ ಹಂತ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಎಂದು ಕೇಳಿಕೊಂಡು ಓದಿದರೆ ಎರಡೂ ಬೇಗ ತಲೆಗೆ ಹತ್ತುತ್ತವೆ.

ಧ್ವನಿಯ ಡಿಎಸ್‌ಡಿ

ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ಹೊರತಂದ ಸೂಪರ್ ಆಡಿಯೊ ಸಿಡಿಯಲ್ಲಿ ಬಳಸಿದ ಧ್ವನಿಮುದ್ರಣ ಪದ್ಧತಿ ಇದು. ಮಾಮೂಲಿ ಸಿಡಿಯ ಪಿಸಿಎಂನಲ್ಲಿ (ಧ್ವನಿಯ ಮಟ್ಟವನ್ನು ಪ್ರತಿ ಸಲ ಅಳೆದು ಸಂಖ್ಯೆಯಾಗಿ ಬರೆಯುವ ಪದ್ಧತಿ) ಸೆಕೆಂಡಿಗೆ 44,100 ಅಳತೆ, ಪ್ರತಿ ಅಳತೆಗೆ 16 ಬಿಟ್. ಡಿಎಸ್‌ಡಿಯಲ್ಲಿ ಅಳತೆಗೆ ಒಂದೇ ಬಿಟ್, ಆದರೆ ಸೆಕೆಂಡಿಗೆ 28,22,400 ಅಳತೆ. ಇದು 44,100ರ 64 ಪಟ್ಟು, ಆದ್ದರಿಂದ ಡಿಎಸ್‌ಡಿ64. ವೇಗ ಇಮ್ಮಡಿಯಾದರೆ ಡಿಎಸ್‌ಡಿ128, ಮತ್ತೆ ಇಮ್ಮಡಿಯಾದರೆ 256.

ಇಂದಿನ ಬಹುತೇಕ ಆಡಿಯೊ ಎಡಿಸಿ ಚಿಪ್‌ಗಳು (ಮೈಕ್‌ನ ಸಿಗ್ನಲನ್ನು ಅಂಕಿಗಳಾಗಿಸುವವು) ಒಳಗೆ ಮೊದಲು ತಯಾರಿಸುವುದು ಸಿಗ್ಮಾ-ಡೆಲ್ಟಾ ವಿಧಾನದ ಅತಿವೇಗದ ಬಿಟ್ ಹರಿವನ್ನೇ. ಆಮೇಲೆ ಡೆಸಿಮೇಷನ್ ಫಿಲ್ಟರ್ ಅದನ್ನು ಸೋಸಿ ಪಿಸಿಎಂ ಮಾಡುತ್ತದೆ. ಡಿಎಸ್‌ಡಿಯಲ್ಲಿ ಕೈಬಿಟ್ಟಿರುವುದು ಈ ಸೋಸುವ ಹಂತವನ್ನು.

ಒಂದೇ ಬಿಟ್‌ನಲ್ಲಿ ಧ್ವನಿ ಹೇಗೆ ಕೂರುತ್ತದೆ? ಕಾಗದದ ಮೇಲೆ ಮಾಡಿ ನೋಡಿ. ಬಿಟ್ 1 ಅಂದರೆ +1, ಬಿಟ್ 0 ಅಂದರೆ −1. ಒಳಬರುವ ಸಿಗ್ನಲ್ ಸದಾ +0.5 ಇರಲಿ. ಪ್ರತಿ ಹೆಜ್ಜೆಯಲ್ಲೂ ಹಳೆಯ ಬಾಕಿಗೆ 0.5 ಕೂಡಿಸಿ, ಹಿಂದಿನ ಹೆಜ್ಜೆಯಲ್ಲಿ ಹೊರಗೆ ಕೊಟ್ಟದ್ದನ್ನು ಕಳೆಯಿರಿ. ಬಾಕಿ ಸೊನ್ನೆ ಅಥವಾ ಹೆಚ್ಚಿದ್ದರೆ 1, ಕಡಿಮೆಯಿದ್ದರೆ 0 ಬರೆಯಿರಿ. ಮೊದಲ ಬಾಕಿ 0.5, ಬಿಟ್ 1. ಆಮೇಲೆ 0, ಬಿಟ್ 1. ಆಮೇಲೆ −0.5, ಬಿಟ್ 0. ಆಮೇಲೆ 1, 0.5, 0 ಎಂದು ಮೂರು ಸಲ ಬಿಟ್ 1, ಮತ್ತೆ −0.5. ಸಾಲು ಹೀಗೆ ಬರುತ್ತದೆ: 1 1 0 1 1 1 0 1 1 1 0. ಅಂದರೆ ನಾಲ್ಕಕ್ಕೆ ಮೂರು ಒಂದುಗಳು, ಸರಾಸರಿ ಸರಿಯಾಗಿ +0.5. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಇವತ್ತಿನ ತಪ್ಪು ನಾಳೆಯ ಲೆಕ್ಕಕ್ಕೆ ಹೋಗುತ್ತದೆಯೇ ಹೊರತು ಕಳೆದುಹೋಗುವುದಿಲ್ಲ. ನಿಜವಾದ ಸಿಗ್ಮಾ-ಡೆಲ್ಟಾ ಮಾಡ್ಯುಲೇಟರ್‌ಗಳಲ್ಲಿ ಇಂಥ ಬಾಕಿಗಳು ಹಲವು ಸುತ್ತು ಇರುತ್ತವೆ, ತತ್ತ್ವ ಇದೇ.

ಒಂದು ಬಿಟ್ ತುಂಬ ಒರಟು ಅಳತೆ, ಆದ್ದರಿಂದ ಗದ್ದಲವೂ ವಿಪರೀತ. ನಾಯ್ಸ್ ಶೇಪಿಂಗ್ ಆ ಗದ್ದಲವನ್ನು ಅಳಿಸುವುದಿಲ್ಲ, 20 ಕಿಲೋಹರ್ಟ್ಸ್‌ಗಿಂತ ಮೇಲಕ್ಕೆ ತಳ್ಳುತ್ತದೆ. ಕಿವಿಗೆ ಕೇಳುವ ವ್ಯಾಪ್ತಿ ಸ್ವಚ್ಛವಾಗುತ್ತದೆ, ಅದರ ಮೇಲೆ ಗದ್ದಲ ಕಡಿದಾಗಿ ಏರುತ್ತದೆ. ಹಾಗಾಗಿ ಕೇಳಿಸುವ ತುದಿಯಲ್ಲಿ ಲೋಪಾಸ್ ಫಿಲ್ಟರ್ (ಮೇಲಿನ ಆವರ್ತನಗಳನ್ನು ತಡೆಯುವುದು) ಬೇಕೇ ಬೇಕು. ಅದಿಲ್ಲದಿದ್ದರೆ ಕಿವಿಗೆ ಕೇಳದ ಶಕ್ತಿಯೆಲ್ಲ ಆಂಪ್ಲಿಫೈಯರ್, ಟ್ವೀಟರ್‌ಗಳ ಮೇಲೆ ಬೀಳುತ್ತದೆ.

ಎಡಿಟಿಂಗ್‌ನಲ್ಲಿ ಪೇಚು ಇನ್ನೂ ದೊಡ್ಡದು. ವಾಲ್ಯೂಮ್ ಅರ್ಧ ಮಾಡಲು ಪ್ರತಿ ಅಳತೆಯನ್ನು 0.5ರಿಂದ ಗುಣಿಸಬೇಕು, ಗುಣಿಸಿದ ಕೂಡಲೇ ಅದು ಒಂದು ಬಿಟ್ ಆಗಿ ಉಳಿಯುವುದಿಲ್ಲ. ಫೇಡ್, ಇಕ್ಯೂ, ಮಿಕ್ಸ್ ಎಲ್ಲಕ್ಕೂ ಇದೇ ಕಥೆ. ಆದ್ದರಿಂದ ಸ್ಟುಡಿಯೊಗಳು ಡಿಎಕ್ಸ್‌ಡಿಗೆ, ಅಂದರೆ 24 ಬಿಟ್, 352.8 ಕಿಲೋಹರ್ಟ್ಸ್ ಪಿಸಿಎಂಗೆ ಬದಲಿಸಿ, ಕೆಲಸ ಮುಗಿಸಿ, ಮತ್ತೆ ಡಿಎಸ್‌ಡಿ ಮಾಡುತ್ತವೆ. ಎಡಿಟ್ ಮಾಡಲೇಬೇಕಾದ ಧ್ವನಿಮುದ್ರಣಕ್ಕೆ ನಮ್ಮ ಸಲಹೆ ನೇರವಾಗಿ 24 ಬಿಟ್, 96 ಕಿಲೋಹರ್ಟ್ಸ್ ಪಿಸಿಎಂ. ಮೈಕ್ ಎಲ್ಲಿಟ್ಟಿರಿ ಎಂಬುದು ಫಾರ್ಮ್ಯಾಟ್‌ಗಿಂತ ಬಹಳ ದೊಡ್ಡ ವ್ಯತ್ಯಾಸ ತರುತ್ತದೆ.

ಡಿಸ್ಕ್ ಜಾಗ: ಸ್ಟೀರಿಯೊ ಡಿಎಸ್‌ಡಿ64ಗೆ ಸೆಕೆಂಡಿಗೆ 7,05,600 ಬೈಟ್, ನಿಮಿಷಕ್ಕೆ ಸುಮಾರು 42 ಎಂಬಿ. 20 ನಿಮಿಷದ ರಾಗಾಲಾಪನೆಗೆ ಸುಮಾರು 847 ಎಂಬಿ. ಸಿಡಿ ಗುಣಮಟ್ಟದಲ್ಲಾದರೆ 212. ಫೈಲ್ ಡಿಎಸ್‌ಎಫ್ ಇರಲಿ, ಹಾಡಿನ ಹೆಸರು, ಕಲಾವಿದರ ವಿವರ ಅದರೊಳಗೇ ಕೂರುತ್ತವೆ. ಡಿಎಫ್‌ಎಫ್‌ನಲ್ಲಿ ಆ ಅನುಕೂಲ ಸರಿಯಾಗಿಲ್ಲ.

ಯುಎಸ್‌ಬಿ ಡಾಕ್‌ಗೆ (ಅಂಕಿಗಳನ್ನು ಮತ್ತೆ ಧ್ವನಿ ಸಿಗ್ನಲ್ ಮಾಡುವ ಸಾಧನ) ಕಳಿಸುವಾಗ ಬಳಕೆಯಲ್ಲಿರುವುದು ಡಿಒಪಿ, ಅಂದರೆ ಡಿಎಸ್‌ಡಿ ಓವರ್ ಪಿಸಿಎಂ. 24 ಬಿಟ್‌ನ ಪಿಸಿಎಂ ಚೌಕಟ್ಟಿನಲ್ಲಿ 16 ಬಿಟ್ ಡಿಎಸ್‌ಡಿ, ಮೇಲಿನ 8 ಬಿಟ್ ಇದು ಡಿಎಸ್‌ಡಿ ಎಂಬ ಗುರುತಿಗೆ. 16 × 1,76,400 = 28,22,400, ಆದ್ದರಿಂದ ಡಾಕ್ 176.4 ಕಿಲೋಹರ್ಟ್ಸ್ ಒಪ್ಪಬೇಕು. ಕಂಪ್ಯೂಟರಿನ ವಾಲ್ಯೂಮ್ 100ಕ್ಕಿಂತ ಕಡಿಮೆಯಿದ್ದರೆ, ಅಥವಾ ಸಿಸ್ಟಂ ಮಿಕ್ಸರ್ ಅದನ್ನು 48 ಕಿಲೋಹರ್ಟ್ಸ್‌ಗೆ ಇಳಿಸಿದರೆ ಗುರುತು ಕೆಡುತ್ತದೆ, ಸಂಗೀತದ ಬದಲು ಸುಯ್ಯೆನ್ನುವ ಸದ್ದು ಬರುತ್ತದೆ. ಆಗ ಫೈಲನ್ನು ದೂರಬೇಡಿ. ಪ್ಲೇಯರ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ (ಸಿಸ್ಟಂ ಮಿಕ್ಸರ್ ಬಿಟ್ಟು ನೇರ ಡಾಕ್‌ಗೆ ಕಳಿಸುವುದು) ಹಾಕಿ, ವಾಲ್ಯೂಮನ್ನು ಆಂಪ್ಲಿಫೈಯರ್‌ನಲ್ಲಿ ತಗ್ಗಿಸಿ.

ಸರಕಿನ ಡಿಎಸ್‌ಡಿ

ಇಲ್ಲಿ ಕೈಬಿಟ್ಟಿರುವುದು ಸರಣಿ ಅಂಗಡಿಯವರ ಗೋದಾಮನ್ನು. ಅಕ್ಕಿ, ಸೋಪು ಮೊದಲಾದವು ಭಿವಂಡಿಯಂಥ ಕಡೆಯ ವಿತರಣಾ ಕೇಂದ್ರಕ್ಕೆ ಬಂದು, ಅಲ್ಲಿಂದ ಒಟ್ಟಾಗಿ ಠಾಣೆ, ಮುಲುಂಡ್‌ನ ಅಂಗಡಿಗಳಿಗೆ ಹೋಗುತ್ತವೆ. ಬ್ರೆಡ್, ಹಾಲು, ಐಸ್‌ಕ್ರೀಂ, ಚಿಪ್ಸ್, ತಂಪು ಪಾನೀಯ ಹಾಗಲ್ಲ, ತಯಾರಕರ ಅಥವಾ ಅವರ ವಿತರಕರ ಟೆಂಪೊ ನೇರ ಅಂಗಡಿಗೇ ಬರುತ್ತದೆ. ಕಾರಣ ಮೂರು ಬಗೆ: ಬೇಗ ಹಾಳಾಗುವುದು, ಬೇಗ ಖರ್ಚಾಗುವುದು, ಇಲ್ಲವೇ ಚಿಪ್ಸ್‌ನಂತೆ ಬೆಲೆಗಿಂತ ಜಾಗವನ್ನೇ ಹೆಚ್ಚು ತಿನ್ನುವುದು. ನಿಧಾನಕ್ಕೆ ಮಾರುವ ಸರಕಿಗೆ ಈ ದಾರಿ ನಷ್ಟ.

ಎರಡು ಕ್ರಮಗಳಿವೆ. ಇಂದು ಆರ್ಡರ್ ಬರೆದುಕೊಂಡು ನಾಳೆ ತಲುಪಿಸುವುದು ಪ್ರೀಸೇಲ್. ಟೆಂಪೊ ತುಂಬಿಕೊಂಡು ಹೋಗಿ, ಅಂಗಡಿಯ ಬಾಗಿಲಲ್ಲೇ ಎಷ್ಟು ಬೇಕೆಂದು ಕೇಳಿ ಬಿಲ್ ಮಾಡುವುದು ವ್ಯಾನ್ ಸೇಲ್. ವ್ಯಾನ್ ಸೇಲ್‌ನಲ್ಲಿ ಹೊರಡುವಾಗ ಯಾರಿಗೆ ಎಷ್ಟು ಎಂದು ಗೊತ್ತಿರುವುದಿಲ್ಲ, ಆದ್ದರಿಂದ ಜಿಎಸ್‌ಟಿ ನಿಯಮ 55ರಂತೆ ಡೆಲಿವರಿ ಚಲನ್ ಇಟ್ಟುಕೊಂಡು ಹೊರಟು, ಮಾರಿದಾಗ ಇನ್‌ವಾಯ್ಸ್ ಕೊಡುತ್ತಾರೆ. ಪರೀಕ್ಷೆಯಲ್ಲಿ ಮರೆಯಬಾರದ ಅಂಶ ಇದು.

ಗೋದಾಮಿನಲ್ಲಿ ಒಮ್ಮೆಗೇ ನಡೆಯುತ್ತಿದ್ದ ಎಣಿಕೆ, ದಿನಾಂಕ ಪರಿಶೀಲನೆ, ವಾಪಸಾತಿ ಈಗ ಪ್ರತಿ ಅಂಗಡಿಯ ಬಾಗಿಲಿಗೆ ಬರುತ್ತವೆ. ಮುಂಬೈಯ ಅಂಗಡಿಗಳಲ್ಲಿ ಅನೇಕಕ್ಕೆ ಹಿಂಬಾಗಿಲೇ ಇಲ್ಲ. ರಸ್ತೆಯಲ್ಲಿ ಟೆಂಪೊ, ಒಳಗೆ ಗಿರಾಕಿ, ನಡುವೆ ಎಣಿಕೆ. ಅವಸರದಲ್ಲಿ ಕ್ರಮ ತಪ್ಪುತ್ತದೆ. ಸರಿಯಾದ ಕ್ರಮ: ಮೊದಲು ಹಳೆಯ ಮಾಲನ್ನು ಎಣಿಸಿ, ಬರೆದು, ಟೆಂಪೊಗೆ ಏರಿಸಿ, ಆಮೇಲೆ ಹೊಸದನ್ನು ಇಳಿಸಿ. ಎರಡೂ ನೆಲದ ಮೇಲೆ ಒಟ್ಟಿಗಿದ್ದರೆ ಹಳೆಯ ಟ್ರೇ ಹೊಸದಾಗಿ ಮತ್ತೆ ಎಣಿಕೆಗೆ ಬರುತ್ತದೆ. ಟ್ರೇ ಎಣಿಸಿ ಗುಣಿಸುವುದು ಸಾಲದು, ಒಳಗಿನ ಟ್ರೇಯೂ ತುಂಬಿದೆಯೇ ನೋಡಬೇಕು. ಎಂಆರ್‌ಪಿ, ಬ್ಯಾಚ್, ಬಳಕೆಯ ಕೊನೆಯ ದಿನ ನೋಡಿದ ಮೇಲಷ್ಟೇ ಸಹಿ.

ಒಂದು ಲೆಕ್ಕ ಮಾಡೋಣ. ಇನ್‌ವಾಯ್ಸ್‌ನಲ್ಲಿ 48 ಬ್ರೆಡ್, ಇಳಿದದ್ದು 46, ವಾಪಸ್ ಹೋದದ್ದು 5. ಹಣ ಕೊಡಬೇಕಾದ್ದು 41ಕ್ಕೆ. ಹಾಗೆಂದು '7 ಕಡಿಮೆ' ಎಂದು ಒಂದೇ ಸಾಲಿನಲ್ಲಿ ಬರೆದರೆ ಬಿಲ್ ತಾಳೆಯಾಗುತ್ತದೆ, ಮಾಹಿತಿ ಸಾಯುತ್ತದೆ. 2 ಲೋಡಿಂಗ್‌ನ ತಪ್ಪು, 5 ಮಾರದೆ ಉಳಿದದ್ದು. ಏಳೂ ಮಾರದೆ ಉಳಿದವೆಂದು ಸೇರಿದರೆ ನಾಳೆಯ ಆರ್ಡರ್ ಅನಗತ್ಯವಾಗಿ ಇಳಿಯುತ್ತದೆ, ಸಂಜೆಗೆ ಶೆಲ್ಫ್ ಖಾಲಿ. ಏಳೂ ಕೊರತೆ ಎಂದು ಸೇರಿದರೆ ಬೇಡದ ಬ್ರೆಡ್ ಮತ್ತೆ ಬರುತ್ತದೆ. ಸರಕು ಸ್ವೀಕೃತಿ ಚೀಟಿಯಲ್ಲಿ 46, ಕೊರತೆ 2, ವಾಪಸ್ 5 ಎಂದು ಮೂರು ಸಾಲು ಬರೆಯಿರಿ, ಮೂರಕ್ಕೂ ಚಾಲಕನ ಸಹಿ ಹಾಕಿಸಿಕೊಳ್ಳಿ.