ಉದ್ಯಾನಕ್ಕೆ ಶಿಲ್ಪ: ಮೊದಲು ಆರಿಸಬೇಕಾದುದು ವಿನ್ಯಾಸವನ್ನೋ, ಶಿಲ್ಪಿಯನ್ನೋ?

ಪ್ರಶ್ನೆ: ಹೊಸದಾಗಿ ಸಿದ್ಧವಾಗುತ್ತಿರುವ ನಮ್ಮ ಸಮುದಾಯ ಉದ್ಯಾನದಲ್ಲಿ ಒಂದು ಶಿಲ್ಪವನ್ನು ನಿಲ್ಲಿಸಬೇಕೆಂದು ಸಮಿತಿಯಲ್ಲಿ ತೀರ್ಮಾನವಾಗಿದೆ. ಹಲವು ಶಿಲ್ಪಿಗಳಿಂದ ವಿನ್ಯಾಸಗಳನ್ನು ತರಿಸಿಕೊಂಡು ಒಂದನ್ನು ಆರಿಸುವುದು ಸರಿಯೇ, ಅಥವಾ ಮೊದಲು ಶಿಲ್ಪಿಯನ್ನು ಗೊತ್ತುಮಾಡಿಕೊಂಡು ಆಮೇಲೆ ವಿನ್ಯಾಸ ಕೇಳಬೇಕೇ?

ಉತ್ತರ: ಮೊದಲು ಶಿಲ್ಪಿಯನ್ನು ಗೊತ್ತುಮಾಡಿಕೊಳ್ಳಿ, ಅದೂ ಉದ್ಯಾನ ಇನ್ನೂ ನಕ್ಷೆಯ ಹಂತದಲ್ಲಿರುವಾಗಲೇ. ಹತ್ತಾರು ವಿನ್ಯಾಸಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದನ್ನು ಎತ್ತಿಕೊಳ್ಳುವ ಕ್ರಮ ಮೇಲ್ನೋಟಕ್ಕೆ ಹೆಚ್ಚು ನ್ಯಾಯವಾದದ್ದೆಂದು ತೋರುತ್ತದೆ. ಆದರೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಜನ ಯಾವ ದಾರಿಯಿಂದ ಬರುತ್ತಾರೆ, ಈಗ ನೆಡುವ ಗಿಡಗಳು ಹದಿನೈದು ವರ್ಷಗಳಲ್ಲಿ ಎಷ್ಟೆತ್ತರಕ್ಕೆ ಬೆಳೆದು ಏನನ್ನು ಮರೆಮಾಡುತ್ತವೆ ಎಂಬ ಯಾವ ಪ್ರಶ್ನೆಗೂ ಜಾಗವನ್ನೇ ನೋಡದೆ ಬರೆದ ಚಿತ್ರದಲ್ಲಿ ಉತ್ತರವಿರುವುದಿಲ್ಲ. ಹಾಗೆ ಆರಿಸಹೊರಟ ಸಮಿತಿ ಎಷ್ಟೋ ಸಲ ಒಳ್ಳೆಯ ಶಿಲ್ಪದ ಬದಲು ಒಳ್ಳೆಯ ಚಿತ್ರವನ್ನು ಆರಿಸಿಬಿಡುತ್ತದೆ.

ಮುಕ್ತ ಸ್ಪರ್ಧೆ ಎಂದೂ ಫಲಿಸುವುದಿಲ್ಲವೆಂದಲ್ಲ. ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕಕ್ಕಾಗಿ 1981ರಲ್ಲಿ ನಡೆದ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದಿದ್ದವು. ಹೆಸರು ಮರೆಮಾಚಿ, ಬರೀ ಸಂಖ್ಯೆಯಿಂದ ಗುರುತಿಸಿದ್ದ ಆ ರಾಶಿಯಲ್ಲಿ ತೀರ್ಪುಗಾರರು ಆರಿಸಿದ್ದು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರ ವಿನ್ಯಾಸವನ್ನು. ಆದರೆ ಅವರೂ ಆ ಜಾಗಕ್ಕೆ ಹೋಗಿ ನೋಡಿಯೇ ಅದನ್ನು ರೂಪಿಸಿದ್ದರು. ಅಷ್ಟು ವಿನ್ಯಾಸಗಳನ್ನು ತೂಗಿನೋಡಲು ಅಲ್ಲಿ ನುರಿತ ತೀರ್ಪುಗಾರರ ತಂಡವೂ ಇತ್ತು. ಒಂದು ಸಮುದಾಯದ ಸಮಿತಿಗೆ ಆ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ.

ನಿಮಗೆ ಒಗ್ಗುವುದು ನಡುವಿನ ದಾರಿ. ಆಸಕ್ತ ಶಿಲ್ಪಿಗಳಿಂದ ವಿನ್ಯಾಸವನ್ನು ಕೇಳದೆ ಅವರ ಹಿಂದಿನ ಕೆಲಸಗಳ ಛಾಯಾಚಿತ್ರಗಳನ್ನೂ ಅಂಥ ಕೆಲಸವನ್ನು ಎಷ್ಟು ವೆಚ್ಚದಲ್ಲಿ, ಎಷ್ಟು ಕಾಲದಲ್ಲಿ ಮುಗಿಸಿದರೆಂಬ ವಿವರವನ್ನೂ ಮಾತ್ರ ಕೇಳಿ. ಅವರಲ್ಲಿ ಮೂವರನ್ನೋ ನಾಲ್ವರನ್ನೋ ಉಳಿಸಿಕೊಂಡು, ಜಾಗಕ್ಕೆ ಕರೆದೊಯ್ದು, ಅದನ್ನು ಬಳಸಲಿರುವ ಜನರೊಂದಿಗೆ ಮಾತನಾಡಿಸಿ, ಅನಂತರ ಸಣ್ಣ ಅಳತೆಯ ಮಾದರಿಯೊಂದನ್ನು ಮಾಡಿಕೊಡಲು ಹೇಳಿ. ಈ ಮಾದರಿಗೆ ಪ್ರತಿಯೊಬ್ಬರಿಗೂ, ಆಯ್ಕೆಯಾಗದವರಿಗೂ, ಸಂಭಾವನೆ ಕೊಡಲೇಬೇಕು. ವಾರಗಟ್ಟಲೆ ಯೋಚಿಸಿ ಮಾಡಿದ ಕೆಲಸವನ್ನು ಪುಕ್ಕಟೆಯಾಗಿ ಪಡೆಯುವುದು ಅನ್ಯಾಯ.

ಹಿಂದಿನ ಕೆಲಸಗಳನ್ನು ನೋಡುವಾಗ ಹೊಸದಾಗಿ ಅನಾವರಣಗೊಂಡವನ್ನು ಬಿಟ್ಟು, ಹತ್ತು ವರ್ಷ ಮಳೆ ಬಿಸಿಲು ಕಂಡವನ್ನು ಹುಡುಕಿಕೊಂಡು ಹೋಗಿ. ಕಂಚಿನ ದೊಡ್ಡ ಶಿಲ್ಪಗಳು ಒಳಗೆ ಟೊಳ್ಳಾಗಿರುತ್ತವೆ. ಅವುಗಳನ್ನು ತುಂಡು ತುಂಡಾಗಿ ಎರಕ ಹೊಯ್ದು, ಬೆಸೆದು, ಬೆಸುಗೆಯ ಗುರುತು ಕಾಣದಂತೆ ಉಜ್ಜಿ, ಕೊನೆಗೆ ಬಣ್ಣ ಬರಿಸುತ್ತಾರೆ. ಬೆಸುಗೆಯ ಕೆಲಸ ಕೆಟ್ಟದಾಗಿದ್ದರೆ ಕೆಲವು ವರ್ಷಗಳಲ್ಲಿ ಆ ಗೆರೆಗಳು ಬೇರೆ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತವೆ. ಒಳಗೆ ಸೇರಿದ ನೀರು ಹೊರಬರಲು ತಳದಲ್ಲಿ ರಂಧ್ರಗಳಿವೆಯೇ, ಪೀಠದ ಕಲ್ಲಿನ ಮೇಲೆ ಹಸಿರು ಅಥವಾ ಕಂದು ಕಲೆ ಇಳಿದಿದೆಯೇ, ಬೋಲ್ಟುಗಳ ಸುತ್ತ ತುಕ್ಕು ಕಾಣುತ್ತಿದೆಯೇ ಎಂದು ಬಗ್ಗಿ ನೋಡಿ. ಇಂಥ ಸಂಗತಿಗಳು ಯಾವ ಚಿತ್ರದಲ್ಲೂ ಕಾಣಿಸುವುದಿಲ್ಲ.

ಶಿಲ್ಪಿ ಬೇಗನೆ ಸೇರಿಕೊಳ್ಳಬೇಕೆನ್ನುವುದಕ್ಕೆ ಇನ್ನೊಂದು ಕಾರಣ ನೆಲದೊಳಗಿದೆ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 1998ರಲ್ಲಿ ನಿಂತ, ಆಂಟನಿ ಗಾರ್ಮ್ಲಿ ಅವರ ‘ಏಂಜಲ್ ಆಫ್ ದ ನಾರ್ತ್’ 20 ಮೀಟರ್ ಎತ್ತರವಿದೆ, ಅದರ ರೆಕ್ಕೆಗಳು 54 ಮೀಟರ್ ಉದ್ದಕ್ಕೆ ಹರಡಿವೆ. ಗಾಳಿಯ ಹೊಡೆತವನ್ನು ತಾಳಲು ಅದರ ತಳಪಾಯವನ್ನು ಸುಮಾರು 20 ಮೀಟರ್ ಆಳದವರೆಗೆ ಇಳಿಸಬೇಕಾಯಿತು. ನಿಮ್ಮ ಶಿಲ್ಪ ಆಳೆತ್ತರದ್ದೇ ಆದರೂ ಅದಕ್ಕೂ ತಳಪಾಯ ಬೇಕು, ದೀಪಕ್ಕೆ ತಂತಿ ಬೇಕು, ನೀರು ಹರಿದುಹೋಗಲು ಇಳಿಜಾರು ಬೇಕು, ಕ್ರೇನ್ ಒಳಗೆ ಬರಲು ದಾರಿ ಬೇಕು. ಹುಲ್ಲುಹಾಸು ಹಾಸಿ, ನೀರಿನ ಕೊಳವೆ ಹೂತು, ಕಾಲುದಾರಿಗೆ ಕಲ್ಲು ಜೋಡಿಸಿದ ಮೇಲೆ ಇದೆಲ್ಲ ನೆನಪಾದರೆ ಅವುಗಳನ್ನು ಅಗೆದು ಮತ್ತೆ ಮಾಡಿಸುವ ವೆಚ್ಚ ಶಿಲ್ಪಕ್ಕೆಂದು ಇಟ್ಟ ಹಣವನ್ನೇ ತಿನ್ನುತ್ತದೆ.

ಉದ್ಯಾನದಲ್ಲಿ ಮಕ್ಕಳು ಶಿಲ್ಪವನ್ನು ಹತ್ತಿಯೇ ಹತ್ತುತ್ತಾರೆ, ಫಲಕ ಹಾಕಿ ತಡೆಯಲಾಗುವುದಿಲ್ಲ. ಆಟದ ಸಲಕರಣೆಗಳ ಸುರಕ್ಷತಾ ನಿಯಮಗಳ ಪ್ರಕಾರ ಸುಮಾರು 9ರಿಂದ 23 ಸೆಂಟಿಮೀಟರ್ ಅಗಲದ ಸಂದುಗಳು ಅಪಾಯಕಾರಿ, ಏಕೆಂದರೆ ಮಗುವಿನ ಮೈ ಅದರಲ್ಲಿ ತೂರಿಹೋಗಿ ತಲೆ ಸಿಕ್ಕಿಕೊಳ್ಳಬಹುದು. ಮಾದರಿ ಕೈಗೆ ಬಂದ ದಿನವೇ ಅದರಲ್ಲಿರುವ ಪ್ರತಿಯೊಂದು ಸಂದನ್ನೂ ನಿಜವಾದ ಅಳತೆಗೆ ಲೆಕ್ಕಹಾಕಿ ನೋಡಿ.

ಜನರ ಒಪ್ಪಿಗೆಯ ವಿಷಯದಲ್ಲಿ ಅವಸರ ಬೇಡ. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ನಿಂತಿತು. ಅದು 120 ಅಡಿ ಉದ್ದದ, 12 ಅಡಿ ಎತ್ತರದ ಉಕ್ಕಿನ ಗೋಡೆ. ದಿನವೂ ಆ ಚೌಕವನ್ನು ದಾಟುವವರಲ್ಲಿ ಅನೇಕರು ಅದು ದಾರಿಗೆ ಅಡ್ಡವೆಂದು ದೂರಿದರು. ಈ ಜಾಗಕ್ಕೆಂದೇ ಮಾಡಿದ್ದನ್ನು ಸ್ಥಳಾಂತರಿಸಿದರೆ ಕೃತಿಯೇ ನಾಶವಾಗುತ್ತದೆಂದು ಶಿಲ್ಪಿ ವಾದಿಸಿದರು. ಬಹಿರಂಗ ವಿಚಾರಣೆ, ನ್ಯಾಯಾಲಯ ಎಲ್ಲ ಮುಗಿದು 1989ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತೆಂದೇ ನಾನು ಭಾವಿಸುತ್ತೇನೆ, ಆದರೆ ಆ ಮಾತುಕತೆ ಉಕ್ಕು ನೆಲಕ್ಕಿಳಿಯುವ ಮೊದಲೇ ನಡೆಯಬೇಕಿತ್ತು. ಆದ್ದರಿಂದ ಆಯ್ಕೆಯಾದ ಮಾದರಿಯನ್ನು ಜನ ಬಂದು ನೋಡುವಲ್ಲಿ ಇಡಿ, ಶಿಲ್ಪಿಯೇ ಎದುರಿಗಿದ್ದು ಉತ್ತರಿಸಲಿ. ಆದರೆ ಮತ ಹಾಕಿಸಬೇಡಿ, ಒಬ್ಬೊಬ್ಬರ ಇಷ್ಟಕ್ಕೆ ಒಂದೊಂದು ಭಾಗ ತಿದ್ದಿದ ಶಿಲ್ಪ ಯಾರದ್ದೂ ಆಗುವುದಿಲ್ಲ.

ಒಪ್ಪಂದದಲ್ಲಿ ಹಣದ ಕಂತುಗಳನ್ನು ಕೆಲಸದ ಹಂತಗಳಿಗೆ ಜೋಡಿಸಿ: ಮಾದರಿಗೆ ಒಪ್ಪಿಗೆ, ಎರಕ ಅಥವಾ ಕೆತ್ತನೆಯ ಮುಕ್ತಾಯ, ಸ್ಥಾಪನೆ. ಶಿಲ್ಪವನ್ನು ಮುಂದೆ ಸ್ಥಳಾಂತರಿಸಬೇಕಾಗಿ ಬಂದರೆ ಶಿಲ್ಪಿಗೆ ಯಾವಾಗ ತಿಳಿಸಬೇಕು, ಅವರ ಮಾತಿಗೆ ಎಷ್ಟು ಬೆಲೆ ಎಂಬುದನ್ನೂ ಬರೆದಿಡಿ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ತೆಗೆದಾಗ ಅದು ಹಾಳಾಯಿತು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪಿಯ ನೈತಿಕ ಹಕ್ಕನ್ನು, ಅಂದರೆ ಮಾರಿದ ಮೇಲೂ ತನ್ನ ಕೃತಿಯನ್ನು ಯಾರೂ ಕೆಡಿಸದಂತೆ ಕೇಳುವ ಹಕ್ಕನ್ನು, ಎತ್ತಿಹಿಡಿದು, ಉಳಿದ ಭಾಗಗಳನ್ನು ಅವರಿಗೆ ಮರಳಿಸಬೇಕೆಂದೂ ಪರಿಹಾರ ಕೊಡಬೇಕೆಂದೂ ಆದೇಶಿಸಿತು. ಹಣ ಕೊಟ್ಟ ಮಾತ್ರಕ್ಕೆ ಕೃತಿಯನ್ನು ಕೆಡಿಸುವ ಹಕ್ಕು ಬರುವುದಿಲ್ಲ.

ಕೊನೆಯ ಕಂತನ್ನು ನಿರ್ವಹಣೆಯ ಕೈಪಿಡಿ ಕೈಸೇರುವವರೆಗೆ ತಡೆಹಿಡಿಯಿರಿ. ಯಾವ ಲೋಹ, ಯಾವ ಲೇಪನ, ವರ್ಷಕ್ಕೆಷ್ಟು ಸಲ ತೊಳೆದು ಮೇಣ ಹಚ್ಚಬೇಕು, ಯಾವ ರಾಸಾಯನಿಕವನ್ನು ಎಂದೂ ಬಳಸಬಾರದು, ಬೋಲ್ಟುಗಳನ್ನು ಯಾರು ಪರೀಕ್ಷಿಸಬೇಕು ಎಂಬುದೆಲ್ಲ ಅದರಲ್ಲಿರಲಿ, ಮತ್ತು ಆ ಕೆಲಸಕ್ಕೆ ಬೇಕಾದ ಹಣವನ್ನು ಶಿಲ್ಪದ ವೆಚ್ಚದಿಂದ ಬೇರೆಯಾಗಿಯೇ, ಮೊದಲ ವರ್ಷದಿಂದಲೇ, ಉದ್ಯಾನದ ಆಯವ್ಯಯದಲ್ಲಿ ಸೇರಿಸಿಡಿ.