ಹಲ್ ಬಂದರಿನ 9 ಅಂಗುಲದ ಗೋಡೆಗಳು

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಊರಿನಲ್ಲಿ ಜರ್ಮನ್ ಬಾಂಬಿನ ಏಟು ತಾಗದೆ ಉಳಿದಿದ್ದ ಮನೆಗಳು 6,000ಕ್ಕೂ ಕಡಿಮೆ. ಅಲ್ಲಿದ್ದದ್ದು ಸುಮಾರು 92,000 ಮನೆ. ಸತ್ತವರು ಸುಮಾರು 1,200 ಮಂದಿ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮನೆಗಳು ಪೆಟ್ಟು ತಿಂದ ಊರಿನಲ್ಲಿ ಬಹುಪಾಲು ಜನ ಬದುಕುಳಿದದ್ದು ಹೇಗೆ? ಸತ್ತವರು ಏಕೆ ಉಳಿಯಲಿಲ್ಲ? ಇದನ್ನು ತಿಳಿಯಬೇಕಾದರೆ ಬಂದರಿನ ಕೂಲಿಕಾರರೂ ಮೀನುಗಾರರೂ ವಾಸವಿದ್ದ ಬೀದಿಗಳ ಗೋಡೆ, ಗಾರೆ, ಜಂತಿಗಳನ್ನು ನೋಡಬೇಕು.

ಮೊದಲು ಸ್ಫೋಟದ ಮಾತು. ಸಿಡಿಮದ್ದು ಕ್ಷಣಾರ್ಧದಲ್ಲಿ ಬಿಸಿ ಅನಿಲವಾಗಿ ಉಬ್ಬಿ, ಸುತ್ತಲಿನ ಗಾಳಿಯನ್ನು ಶಬ್ದಕ್ಕಿಂತ ವೇಗವಾಗಿ ತಳ್ಳುತ್ತದೆ. ನಾವು ಸದಾ ಹೊತ್ತಿರುವ ವಾಯುಭಾರ ಸುಮಾರು 101 ಕಿಲೋಪ್ಯಾಸ್ಕಲ್. ಅದರ ಮೇಲೆ ಬರೀ 3.5ರಿಂದ 7 ಕಿಲೋಪ್ಯಾಸ್ಕಲ್ ಹೆಚ್ಚುವರಿ ಒತ್ತಡ ಬಿದ್ದರೆ ಕಿಟಕಿಯ ಗಾಜು ಪುಡಿಯಾಗುತ್ತದೆ. ಕಬ್ಬಿಣ ಸೇರಿಸದ 9 ಅಂಗುಲದ ಇಟ್ಟಿಗೆ ಗೋಡೆ ಬೀಳಲು ಸುಮಾರು 50 ಬೇಕು. ದೂರ ಹೋದಂತೆ ಈ ಒತ್ತಡ ಬಹಳ ಬೇಗ ಇಳಿಯುತ್ತದೆ. ಆದ್ದರಿಂದ ಒಂದು ಬಾಂಬಿಗೆ ಕೆಲವೇ ಮನೆ ಉರುಳಿ, ಸುತ್ತಲಿನ ನೂರಾರು ಮನೆಗಳ ಗಾಜು, ಹೆಂಚು, ತಾರಸಿಯ ಗಿಲಾವು ಮಾತ್ರ ಉದುರುತ್ತವೆ. ಬ್ರಿಟಿಷ್ ಅಧಿಕಾರಿಗಳು ಮನೆಗಳನ್ನು ವಿಂಗಡಿಸಿದ್ದೂ ಹೀಗೆಯೇ: 'ಎ' ಎಂದರೆ ನೆಲಸಮ, 'ಬಿ' ಎಂದರೆ ಕೆಡವಲೇಬೇಕಾದದ್ದು, 'ಸಿ' ಎಂದರೆ ದೊಡ್ಡ ರಿಪೇರಿ ಬೇಡುವುದು, 'ಡಿ' ಎಂದರೆ ಸಣ್ಣ ಹಾನಿ. ಪೆಟ್ಟು ತಿಂದ ಮನೆಗಳ ದೊಡ್ಡ ಅಂಕಿಯಲ್ಲಿ 'ಡಿ'ಯ ಪಾಲೇ ಹೆಚ್ಚು.

ಒತ್ತಡದ ಅಲೆ ದಾಟಿದ ಮೇಲೆ ಸೆಳೆತದ ಘಟ್ಟ ಬರುತ್ತದೆ. ಇದು ಮೊದಲಿನದಕ್ಕಿಂತ ದುರ್ಬಲ, ಆದರೆ ಹೆಚ್ಚು ಹೊತ್ತು ಇರುತ್ತದೆ. ಆಗಲೇ ಸಡಿಲಗೊಂಡ ಕಿಟಕಿ, ಬಾಗಿಲಚೌಕಟ್ಟು, ಸ್ಲೇಟ್ ಹೆಂಚುಗಳು ಹೊರಕ್ಕೆ ಎಳೆದುಕೊಂಡು ಬೀಳುತ್ತವೆ. ದಾಳಿಯ ಮರುದಿನ ಗಾಜಿನ ಚೂರು ಬೀದಿಯಲ್ಲಿ ರಾಶಿ ಬೀಳುತ್ತಿದ್ದುದಕ್ಕೆ ಇದೂ ಒಂದು ಕಾರಣ. ಹಲ್‌ನ ಹಳೆಯ ಕೇರಿಗಳಲ್ಲಿ ಬೀದಿಗೆ ಅಡ್ಡವಾಗಿ ಕಿರಿದಾದ ಓಣಿಗಳಿದ್ದು, ಎರಡು ಸಾಲು ಮನೆಗಳು ಎದುರುಬದುರು ನಿಂತಿದ್ದವು. ಗೋಡೆಗೆ ನೇರವಾಗಿ ಬಡಿದ ಅಲೆ ಅಲ್ಲಿ ಕನಿಷ್ಠ ಇಮ್ಮಡಿ ಒತ್ತಡ ಹಾಕಿ ಹಿಂದಿರುಗುತ್ತದೆ. ಇಕ್ಕಟ್ಟಿನಲ್ಲಿ ಅದು ಎದುರು ಗೋಡೆಗೂ ಬಡಿಯುತ್ತದೆ. ಪ್ಯಾರಾಚೂಟಿಗೆ ಕಟ್ಟಿ ಇಳಿಬಿಟ್ಟ, ಒಂದು ಟನ್ ತೂಕದವರೆಗಿನ ಮೈನ್‌ಗಳು ನೆಲದೊಳಗೆ ಹೂತುಕೊಳ್ಳದೆ ಮೇಲ್ಮೈಯಲ್ಲೇ ಸಿಡಿಯುತ್ತಿದ್ದುದರಿಂದ ಇಂಥ ಕೇರಿಗಳಿಗೆ ಅವೇ ಮಾರಕ.

ಇನ್ನು ಮನೆ. 9 ಅಂಗುಲ ಎಂದರೆ ಒಂದು ಇಟ್ಟಿಗೆಯ ಉದ್ದ, ಅಷ್ಟೇ. ಇಟ್ಟಿಗೆಗಳ ನಡುವೆ ಸುಣ್ಣದ ಗಾರೆ. ಮೇಲಿನಿಂದ ಬರುವ ಭಾರವನ್ನು ಇದು ನೂರು ವರ್ಷವಾದರೂ ಹೊರುತ್ತದೆ, ಅಡ್ಡಲಾಗಿ ತಳ್ಳಿದರೆ ಮಾತ್ರ ತಡೆಯಲಾರದು. ಅಟ್ಟದ ಜಂತಿಗಳ ತುದಿ ಗೋಡೆಯ ಗೂಡಿನಲ್ಲಿ ಸುಮಾರು 4 ಅಂಗುಲ ಕೂತಿರುತ್ತದೆ, ಬಿಗಿದು ಕಟ್ಟಿರುವುದಿಲ್ಲ. ಗೋಡೆ ಪೂರ್ತಿ ಬೀಳಬೇಕೆಂದಿಲ್ಲ. ಆ 4 ಅಂಗುಲದಷ್ಟು ಹೊರಕ್ಕೆ ಸರಿದರೂ ಸಾಕು, ಜಂತಿ ಜಾರಿ, ಅಟ್ಟ ಮಂಚ ಬೀರು ಸಮೇತ ಕೆಳಗಿಳಿಯುತ್ತದೆ. ಸಾಲುಮನೆಗಳು ಒಂದಕ್ಕೊಂದು ಆನಿಕೊಂಡೇ ನಿಂತಿರುವುದರಿಂದ ನಡುವಿನದೊಂದು ಹೋದರೆ ಅಕ್ಕಪಕ್ಕದ ಗೋಡೆಗಳಿಗೂ ಆಸರೆ ತಪ್ಪುತ್ತದೆ. ಅಂಥ ಗೋಡೆಗಳಿಗೆ ಮರದ ತೊಲೆಗಳನ್ನು ಓರೆಯಾಗಿ ಆನಿಸುವುದು ತುರ್ತು ಕೆಲಸವಾಗಿತ್ತು.

ಅಟ್ಟ ಒಂದೇ ಬದಿಯಲ್ಲಿ ಕಳಚಿದರೆ, ಇನ್ನೊಂದು ಬದಿಯ ಗೋಡೆಯ ಬುಡದಲ್ಲಿ ತ್ರಿಕೋನದ ಪೊಳ್ಳು ಉಳಿಯುತ್ತದೆ. ಬದುಕಿದವರು ಸಿಗುತ್ತಿದ್ದುದು ಇಂಥ ಪೊಳ್ಳುಗಳಲ್ಲಿ, ಇಲ್ಲವೇ ಮೆಟ್ಟಿಲ ಕೆಳಗೆ. ಅದಕ್ಕೇ ರಕ್ಷಣಾ ತಂಡಗಳಿಗೆ ಗಾರೆ ಕೆಲಸದವರನ್ನೂ ಬಡಗಿಗಳನ್ನೂ ಸೇರಿಸಿಕೊಂಡದ್ದು. ಮನೆ ಕಟ್ಟಿದವರಿಗೆ ಅದು ಹೇಗೆ ಬೀಳುತ್ತದೆಂಬುದೂ ಗೊತ್ತು. ಯಾರು ಎಲ್ಲಿ ಮಲಗುತ್ತಿದ್ದರು ಎಂದು ಬೀದಿಯ ವಾರ್ಡನ್‌ನಿಂದ ತಿಳಿದುಕೊಳ್ಳಬೇಕು, ನೀರು ಮತ್ತು ಗ್ಯಾಸ್ ನಿಲ್ಲಿಸಬೇಕು, ನಡುನಡುವೆ ಎಲ್ಲರೂ ಸುಮ್ಮನಾಗಿ ಕಿವಿಗೊಡಬೇಕು, ಅವಶೇಷವನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ಸಾಗಿಸಬೇಕು. ಸಿಕ್ಕಿಬಿದ್ದ ಜಂತಿಯನ್ನು ಎಳೆಯಬಾರದು, ಪೊಳ್ಳನ್ನು ಹಿಡಿದು ನಿಲ್ಲಿಸಿರುವುದು ಅದೇ ಆಗಿರಬಹುದು. ಆ ಕಾಲದ ಅಡುಗೆ ಗ್ಯಾಸ್ ಕಲ್ಲಿದ್ದಲಿನದು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇತ್ತು. ಮೈಮೇಲೆ ಗಾಯವೇ ಇಲ್ಲದೆ ಸತ್ತವರಲ್ಲಿ ಕೆಲವರನ್ನು ಕೊಂದದ್ದು ಒಡೆದ ಕೊಳವೆ.

ಬಾಂಬಿನಿಂದ ಅಡಗುವ ಆಶ್ರಯಗಳಲ್ಲೂ ಬಡವರ ಬೀದಿಗೆ ಬೇರೆಯೇ ಲೆಕ್ಕ. ಸುಕ್ಕುಗಟ್ಟಿದ ಉಕ್ಕಿನ ತಗಡುಗಳ ಆಂಡರ್ಸನ್ ಗೂಡನ್ನು ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯದವರಿಗೆ ಪುಕ್ಕಟೆ ಕೊಟ್ಟರು. ಅದನ್ನು 4 ಅಡಿ ಆಳಕ್ಕೆ ಹೂತು ಮೇಲೆ 15 ಅಂಗುಲ ಮಣ್ಣು ಹೊದಿಸಬೇಕು. ಹಿತ್ತಲಿಲ್ಲದವರು ಅಗೆಯುವುದೆಲ್ಲಿ? ಹಲ್‌ನ ನೆಲವಂತೂ ತಗ್ಗು. ಅಗೆದ ಗುಂಡಿಯಲ್ಲಿ ನೀರು ಜಿನುಗುತ್ತದೆ. ಹಿತ್ತಲಿಲ್ಲದ ಕೇರಿಗಳಿಗೆಂದು ಬೀದಿಯಲ್ಲೇ ಇಟ್ಟಿಗೆ ಗೋಡೆ, ಕಾಂಕ್ರೀಟ್ ಚಪ್ಪಡಿಯ ಸಾಮೂಹಿಕ ಆಶ್ರಯಗಳನ್ನು ಕಟ್ಟಿದರು. 1940ರಲ್ಲಿ ಸಿಮೆಂಟಿನ ಅಭಾವವಿತ್ತು, ಸರ್ಕಾರದ ಸೂಚನೆ ಅಸ್ಪಷ್ಟವಾಗಿತ್ತು. ಇದರಿಂದ ಬ್ರಿಟನ್ನಿನ ಹಲವೆಡೆ ಗುತ್ತಿಗೆದಾರರು ಸಿಮೆಂಟ್ ಬೆರೆಸದೆ ಬರೀ ಸುಣ್ಣ-ಮರಳಿನಲ್ಲಿ ಕಟ್ಟಿ ಮುಗಿಸಿದರು. ಪಕ್ಕದಲ್ಲಿ ಬಾಂಬು ಸಿಡಿದಾಗ ಅಂಥ ಗೋಡೆ ಹೊರಕ್ಕೆ ಬಾಗುತ್ತಿತ್ತು, ಚಪ್ಪಡಿ ಇಡಿಯಾಗಿ ಒಳಗಿದ್ದವರ ಮೇಲೆ ಕೂರುತ್ತಿತ್ತು. ಬಯಲಲ್ಲಿ ಮಲಗಿದ್ದರೂ ಬದುಕುತ್ತಿದ್ದವರನ್ನು ಅದು ಕೊಂದಿತು. ಇದನ್ನು ಕ್ಷಮಿಸುವುದು ಕಷ್ಟ.

1941ರ ಮಾರ್ಚ್‌ನಲ್ಲಿ ಬಂದ ಮಾರಿಸನ್ ಆಶ್ರಯದ ಹಿಂದೆ ಮಾತ್ರ ನಿಜವಾದ ವಿಜ್ಞಾನವಿತ್ತು. ಅದು 6 ಅಡಿ 6 ಅಂಗುಲ ಉದ್ದ, 4 ಅಡಿ ಅಗಲ, 2 ಅಡಿ 6 ಅಂಗುಲ ಎತ್ತರದ ಉಕ್ಕಿನ ಮೇಜು. ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ ತಗಡು, ಸುತ್ತ ತಂತಿ ಬಲೆ. ಬಿಡಿಭಾಗಗಳು 359, ಜೋಡಿಸಲು 3 ಸಲಕರಣೆ. ಹಗಲು ಅದರ ಮೇಲೆ ಊಟ, ರಾತ್ರಿ ಅದರೊಳಗೆ ನಿದ್ದೆ. ಎಂಜಿನಿಯರ್ ಜಾನ್ ಬೇಕರ್ ಅದನ್ನು ಅಲುಗದಂತೆ ಗಟ್ಟಿಯಾಗಿಸಲು ಹೋಗಲಿಲ್ಲ. ಮೇಲಂತಸ್ತು ಕುಸಿದು ಬಿದ್ದಾಗ ತಗಡು ಮತ್ತು ಚೌಕಟ್ಟು 12 ಅಂಗುಲದವರೆಗೆ ಬಗ್ಗಲಿ, ಬಗ್ಗುವುದರಲ್ಲೇ ಬೀಳುವ ಭಾರದ ಶಕ್ತಿ ವ್ಯಯವಾಗಲಿ ಎಂಬುದು ಅವರ ಲೆಕ್ಕ. ಮೆದು ಉಕ್ಕು ಮುರಿಯುವ ಮುನ್ನ ಬಹಳ ಬಗ್ಗುತ್ತದೆ, ಒಳಗೆ ಮಲಗಿದವರಿಗೆ ಜಾಗ ಉಳಿದರಾಯಿತು. ತೀವ್ರ ಹಾನಿಗೊಳಗಾದ 44 ಮನೆಗಳನ್ನು ಪರಿಶೀಲಿಸಿದಾಗ, ಈ ಮೇಜುಗಳೊಳಗಿದ್ದ 136 ಜನರಲ್ಲಿ ಸತ್ತವರು 3 ಮಂದಿ.

ಹಲ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳ ಹಾನಿಯನ್ನು ವಿಜ್ಞಾನಿಗಳಾದ ಜೆ.ಡಿ. ಬರ್ನಾಲ್, ಸಾಲಿ ಜುಕರ್‌ಮನ್ ತಂಡ ಬೀದಿಬೀದಿಯಾಗಿ ಅಳೆಯಿತು. ಎರಡು ಊರಲ್ಲೂ ಜನ ದಿಗಿಲುಬಿದ್ದು ಕಂಗೆಟ್ಟ ಸಾಕ್ಷ್ಯವಿಲ್ಲ ಎಂದು ಅವರು ಕಂಡುಕೊಂಡರು. ಆದರೆ ಚರ್ಚಿಲ್ಲರ ಸಲಹೆಗಾರ ಚರ್ವೆಲ್ ಪ್ರಭು 1942ರ ಮಾರ್ಚ್ 30ರಂದು ಅದೇ ಅಳತೆಗಳಿಂದ ಬೇರೆ ಲೆಕ್ಕ ಹಾಕಿದರು. ಒಂದು ಟನ್ ಬಾಂಬು 20ರಿಂದ 40 ಮನೆ ಕೆಡವಿ 100ರಿಂದ 200 ಜನರನ್ನು ಮನೆಯಿಂದ ಹೊರಹಾಕುತ್ತದೆ. ಒಂದು ವಿಮಾನ ತನ್ನ ಆಯುಷ್ಯದಲ್ಲಿ 40 ಟನ್ ಹಾಕಿದರೆ 4,000ದಿಂದ 8,000 ಜನ ನಿರ್ವಸತಿಗರು. ಮನೆ ಕಳೆದುಕೊಂಡವರ ಸ್ಥೈರ್ಯವೂ ಕುಸಿಯುತ್ತದೆ ಎಂಬುದು ಅವರ ವಾದ. ಜರ್ಮನ್ ಕಾರ್ಮಿಕರ ಸ್ಥೈರ್ಯವನ್ನೇ ಗುರಿಯಾಗಿಸಿ ಬ್ರಿಟಿಷ್ ವಾಯುಪಡೆಗೆ ಆದೇಶ ಆ ಫೆಬ್ರವರಿಯಲ್ಲೇ ಹೊರಟಿತ್ತು. ಈಗ ಅದಕ್ಕೆ ಅಂಕಿಗಳ ಬೆಂಬಲವೂ ಸಿಕ್ಕಿತು. 1943ರ ಜುಲೈ 27ರ ರಾತ್ರಿ ಜರ್ಮನಿಯ ಹ್ಯಾಂಬರ್ಗ್‌ನ ಹಾಮರ್‌ಬ್ರೂಕ್, ರೋಟೆನ್‌ಬುರ್ಗ್ಸೋರ್ಟ್ ಎಂಬ ಕಾರ್ಮಿಕರ ಕೇರಿಗಳಲ್ಲಿ ಬ್ರಿಟಿಷ್ ಬಾಂಬುಗಳು ಹಚ್ಚಿದ ಬೆಂಕಿಗಳೆಲ್ಲ ಒಂದಾಗಿ ಬಿರುಗಾಳಿಯಾದವು. ಅಲ್ಲಿನ ಎತ್ತರದ ವಠಾರಗಳ ನೆಲಮಾಳಿಗೆಗಳು ಸ್ಫೋಟವನ್ನು ತಡೆದುಕೊಂಡಿದ್ದರೂ, ಒಳಗೆ ಅಡಗಿದ್ದ ಸಾವಿರಾರು ಜನ ಕಾವಿಗೆ, ಕಾರ್ಬನ್ ಮಾನಾಕ್ಸೈಡ್‌ಗೆ ಬಲಿಯಾದರು.